ಅಪ್‌ಡೇಟ್: ಎಲ್‌ಪಿಜಿಯಲ್ಲಿ ಐಡ್ಲಿಂಗ್ ನಡುಕ ನಿಂತಿತು

ನನ್ನ ಗಾಡಿ ಪೆಟ್ರೋಲ್, ಎಲ್‌ಪಿಜಿ ಗ್ಯಾಸ್ ಎರಡರಲ್ಲೂ ಓಡುತ್ತೆ. ಗ್ಯಾಸಿನಲ್ಲಿ ಐಡ್ಲಿಂಗ್ ಇರುವಾಗ, ಅಂದರೆ ಸಿಗ್ನಲ್‌ನಲ್ಲಿ ನಿಂತು ಎಂಜಿನ್ ಮಾತ್ರ ಓಡುವಾಗ, ಗಡಗಡ ಅಂತ ನಡುಗುತ್ತೆ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅನ್ನೋದು) 600ರಿಂದ 900ರ ನಡುವೆ ಕುಣಿಯುತ್ತೆ, ಪೆಟ್ರೋಲಿಗೆ ಹಾಕಿದರೆ ಸರಿಹೋಗುತ್ತೆ ಎಂದು ಕೇಳಿದ್ದೆ. ಉತ್ತರ ಸಿಕ್ಕಿತು.

ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಿದೆ. ಗ್ಯಾಸಿಗೆ ಕಿಡಿ ಹತ್ತಿಸಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ತುದಿಯ ಗ್ಯಾಪ್ ಕಡಿಮೆ ಇದ್ದಷ್ಟೂ ಕಿಡಿ ಸುಲಭ, ಹಾಗಾಗಿ ಅದು 1.1 ಮಿ.ಮೀ. ಇದ್ದದ್ದನ್ನು 0.8ಕ್ಕೆ ಇಳಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಗ್ಯಾಸ್ ಫಿಲ್ಟರ್ ಕೂಡ ಹೊಸದು ಹಾಕಿದೆ. ಏನೂ ವ್ಯತ್ಯಾಸ ಇಲ್ಲ.

ಆಮೇಲೆ ಒಂದು ದಿನ ಸುಮ್ನೆ ಪೆಟ್ರೋಲಿನಲ್ಲಿ ಐದು ನಿಮಿಷ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈ ಇಟ್ಟು ಕೂತೆ. ಅಲ್ಲೂ ಸಣ್ಣಗೆ ನಡುಕ ಇತ್ತು! ಇಷ್ಟು ದಿನ ನಾನೇ ಗಮನಿಸಿರಲಿಲ್ಲ. ಅಂದರೆ ತಪ್ಪು ಗ್ಯಾಸ್ ಕಿಟ್‌ದಷ್ಟೇ ಅಲ್ಲ, ಎರಡಕ್ಕೂ ಸೇರಿದ್ದು.

ಎಲ್ಲಾದರೂ ಸೋರಿಕೆ ಇದೆಯಾ ನೋಡಲು, ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಸುತ್ತ ಸೋಪು ನೀರನ್ನು ಸ್ವಲ್ಪಸ್ವಲ್ಪವೇ ಸಿಂಪಡಿಸಿದೆ. ಮೂರನೇ ಸಿಲಿಂಡರಿನ ಗ್ಯಾಸ್ ಹೋಸ್ ಮ್ಯಾನಿಫೋಲ್ಡಿನ ನಾಜಲಿಗೆ ಸೇರುವ ಕಡೆ ಗುಳ್ಳೆ ಏಳಲಿಲ್ಲ. ಬದಲಿಗೆ ನೀರು ಸುರ್ ಅಂತ ಒಳಗೆ ಹೋಯಿತು, ಎಂಜಿನ್ ಸದ್ದೂ ಬದಲಾಯಿತು. ಕ್ಲಿಪ್ ಬಿಚ್ಚಿದರೆ ರಬ್ಬರ್ ಗಟ್ಟಿಯಾಗಿ, ಉಗುರಿನಷ್ಟು ಉದ್ದ ಸೀಳಿತ್ತು. ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ (ಒಳಗೆಳೆಯುವ ಸೆಳೆತ) ಜಾಸ್ತಿ ಅಲ್ವಾ, ಪೆಟ್ರೋಲಾಗಲಿ ಗ್ಯಾಸಾಗಲಿ, ಅಲ್ಲಿಂದ ಗಾಳಿ ಎಳೆಯುತ್ತಿತ್ತು.

ನಾಲ್ಕೂ ಹೋಸ್ ಬದಲಿಸಿದೆ, ಎಲ್‌ಪಿಜಿಗೆಂದೇ ಬರುವವು. ಆಮೇಲೆ ಕಿಟ್ ಮತ್ತೆ ಟ್ಯೂನ್ ಮಾಡಿಸಿದೆ. ಮೊದಲೇ ಟ್ಯೂನ್ ಮಾಡಿಸಿದ್ದರೆ ಮ್ಯಾಪ್ (ಯಾವಾಗ ಎಷ್ಟು ಗ್ಯಾಸ್ ಬಿಡಬೇಕು ಅನ್ನೋ ಲೆಕ್ಕ) ಸೋರಿಕೆಗೆ ಹೊಂದಿಸಿದ್ದು ಆಗಿಬಿಡುತ್ತಿತ್ತು. ಈಗ ಆರ್‌ಪಿಎಂ ಮುಳ್ಳು 800ರಲ್ಲಿ ಅಲುಗದೆ ನಿಲ್ಲುತ್ತಿದೆ.