‘ಬ್ಲಿಂಕ್’ ನೋಡಿದ ಮಗ ಕಣ್ಣು ಮುಚ್ಚಲು ಹೆದರುತ್ತಿದ್ದಾನೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಪ್ರಶ್ನೆ (ರೆಡಿಂಗ್, ಇಂಗ್ಲೆಂಡ್):

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ. ಇತ್ತೀಚೆಗೆ ಗೆಳೆಯನ ಮನೆಯಲ್ಲಿ ದೊಡ್ಡ ಹುಡುಗರ ಜೊತೆ ಕೂತು ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ಟಿವಿ ಸರಣಿಯ ‘ಬ್ಲಿಂಕ್’ ಎಪಿಸೋಡ್ ನೋಡಿದ್ದಾನೆ. ನೋಡದವರಿಗೆ ಎರಡು ಮಾತು: ರೆಕ್ಕೆ ಇರುವ ಕಲ್ಲಿನ ದೇವತೆಗಳ ಕಥೆ ಅದು. ಯಾರಾದರೂ ನೋಡುತ್ತಿರುವಷ್ಟು ಹೊತ್ತು ಅವು ಬರೀ ಕಲ್ಲು. ಕಣ್ಣು ಮಿಟುಕಿಸಿದರೆ ಸಾಕು, ಹತ್ತಿರ ಬಂದುಬಿಡುತ್ತವೆ.

ನಮ್ಮ ಕಷ್ಟ ಏನೆಂದರೆ, ಶಾಲೆಗೆ ಹೋಗುವ ದಾರಿಯಲ್ಲೇ ಹಳೆಯ ಚರ್ಚು ಇದೆ. ಅದರ ಸಮಾಧಿಗಳ ಮೇಲೆ ಅಂಥದ್ದೇ ಮೂರ್ತಿಗಳು. ಮಗ ನನ್ನ ಕೈ ಬಿಗಿಯಾಗಿ ಹಿಡಿದು, ಅವುಗಳ ಮೇಲಿನ ಕಣ್ಣು ತೆಗೆಯದೆ ಹಿಮ್ಮುಖವಾಗಿ ನಡೆಯುತ್ತಾನೆ. ರಾತ್ರಿ “ಅಮ್ಮ, ನೀನು ನೋಡ್ತಾ ಇರು, ನಾನು ಮಲಗ್ತೀನಿ” ಅನ್ನುತ್ತಾನೆ. ತಾನಾಗಿಯೇ ಸರಿಹೋಗುತ್ತೆ ಅನ್ನುವುದು ಇವರ ಮಾತು. ಅತ್ತೆ ಫೋನಿನಲ್ಲಿ ದೃಷ್ಟಿ ತೆಗೆಯಲು ಹೇಳಿದರು, ಅದನ್ನೂ ಮಾಡಿದೆ. ನನಗೆ ಗೊತ್ತಾಗಬೇಕಿರುವುದು ಇಷ್ಟೇ. ಅದೇ ಎಪಿಸೋಡನ್ನು ಜೊತೆಯಲ್ಲಿ ಕೂತು ಮತ್ತೆ ತೋರಿಸಬೇಕಾ? ಅಥವಾ ಆ ಮಾತೇ ಎತ್ತಬಾರದಾ? ನಿಮ್ಮ ಮಕ್ಕಳಿಗೆ ಹೀಗಾಗಿದ್ದರೆ ದಯವಿಟ್ಟು ಹೇಳಿ.

ಲೆಸ್ಟರ್‌ನಿಂದ, ಒಬ್ಬ ತಾಯಿ:

ನಿಮ್ಮ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಮಗಳಿಗೂ ಇದೇ ಎಪಿಸೋಡಿನಿಂದ ನಿದ್ದೆ ಹೋಗಿತ್ತು. ನಾನು ಮೊದಲು ಕೇಳಿದ್ದು, “ಯಾವ ಜಾಗದಲ್ಲಿ ಭಯ ಆಯ್ತು ಪುಟ್ಟಿ?” ಅಂತ. ಹಲ್ಲು ಬಿಟ್ಟ ಆ ಮುಖ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆಯೇ. ಕ್ಯಾಥಿ ಎಂಬ ಹುಡುಗಿಯನ್ನು ದೇವತೆ ಮುಟ್ಟಿದ ಕೂಡಲೇ ಅವಳು 1920ರ ಹಲ್ ಊರಿಗೆ ಹೋಗಿ ಬೀಳುತ್ತಾಳಲ್ಲ, ಅದು. ಅವಳು ಅಲ್ಲೇ ಮದುವೆಯಾಗಿ, ಮಕ್ಕಳನ್ನು ಹೆತ್ತು, ಮುದುಕಿಯಾಗಿ ಸಾಯುತ್ತಾಳೆ. ಅವಳ ಪತ್ರ ಹಿಡಿದು ಮೊಮ್ಮಗ ಬಾಗಿಲಿಗೆ ಬರುತ್ತಾನೆ. ಗೆಳತಿ ಸ್ಯಾಲಿಗೆ ಮಾತ್ರ ಆಗ ಒಂದು ನಿಮಿಷವೂ ಕಳೆದಿರುವುದಿಲ್ಲ.

ಈ ದೇವತೆಗಳು ರಕ್ತ ಹರಿಸುವುದಿಲ್ಲ. ನಿಮ್ಮನ್ನು ನಿಮ್ಮವರಿಂದ ದೂರ ಕಳಿಸುತ್ತವೆ, ಅಷ್ಟೇ. ಮಗಳಿಗೆ ಇದ್ದದ್ದು ಆ ಭಯ. “ನಿನ್ನನ್ನ ಹಳೇ ಕಾಲಕ್ಕೆ ಕಳಿಸಿಬಿಟ್ರೆ ನಾನು ಎಲ್ಲಿ ಹುಡುಕಲಿ?” ಎಂದು ಕೇಳಿದಳು. ಅಜ್ಜಿ ತಾತ ಊರಲ್ಲಿ, ನಾವು ಇಲ್ಲಿ. ಪ್ರೀತಿಯವರು ದೂರ ಇರುವುದು ನಮ್ಮ ಮಕ್ಕಳಿಗೆ ದಿನದ ಅನುಭವ, ಅಲ್ವಾ. ಅದಕ್ಕೇ ಆ ಕಥೆ ಅವಳಿಗೆ ನೇರವಾಗಿ ತಾಗಿತು ಅನಿಸುತ್ತದೆ. ಭಯ ಯಾವುದೆಂದು ಗೊತ್ತಾದ ಮೇಲೆ ನಾವು ಮೂರ್ತಿಗಳ ಬಗ್ಗೆ ಮಾತಾಡುವುದನ್ನು ಬಿಟ್ಟು, ಇದರ ಬಗ್ಗೆ ಮಾತಾಡಿದೆವು. ನಿಮ್ಮ ಮಗನಿಗೂ ಮೊದಲು ಆ ಪ್ರಶ್ನೆ ಕೇಳಿ. ಉತ್ತರ ನೀವು ಊಹಿಸಿದ್ದೇ ಆಗಿರಬೇಕಿಲ್ಲ.

ಬೆಂಗಳೂರಿನಿಂದ, ಈ ಸರಣಿಯ ಹಳೆಯ ಅಭಿಮಾನಿ, ಇಬ್ಬರು ಮಕ್ಕಳ ತಂದೆ:

ಒಂದು ವಿಷಯ ಕೇಳಬೇಕು. ಅವನು ಕೊನೆಯವರೆಗೂ ನೋಡಿದ್ದಾನಾ? ಬೇರೆಯವರ ಮನೆಯಲ್ಲಿ ನೋಡಿದಾಗ ಮಕ್ಕಳು ಮಧ್ಯದಲ್ಲೇ ಎದ್ದು ಬರುವುದು ಜಾಸ್ತಿ. ಈ ಎಪಿಸೋಡಿನ ಮಟ್ಟಿಗೆ ಅದು ತುಂಬ ಮುಖ್ಯ, ಏಕೆಂದರೆ ಸಮಾಧಾನ ಸಿಗುವುದು ಕೊನೆಯಲ್ಲೇ.

‘ಬ್ಲಿಂಕ್’ ಮೊದಲು ಪ್ರಸಾರವಾದದ್ದು 2007ರ ಜೂನ್ 9ರಂದು, ಬಿಬಿಸಿ ಒನ್‌ನಲ್ಲಿ. ಬರೆದವರು ಸ್ಟೀವನ್ ಮೊಫಟ್. ಸ್ಯಾಲಿ ಸ್ಪ್ಯಾರೋ ಪಾತ್ರದಲ್ಲಿ ಕ್ಯಾರಿ ಮಲಿಗನ್. ಸರಣಿಯ ನಾಯಕ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಪಾತ್ರದ ಡೇವಿಡ್ ಟೆನಂಟ್ ಬರುವುದು ತೀರಾ ಕಡಿಮೆ. ಇದಕ್ಕೆ ಮುಂದಿನ ವರ್ಷ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ನಾನು ಎಷ್ಟು ಸಲ ನೋಡಿದರೂ ಬೆರಗಾಗುವುದು ಒಂದು ಸಂಗತಿಗೆ. ಆ ದೇವತೆಗಳು ಚಲಿಸುವುದನ್ನು ಇದರಲ್ಲಿ ಒಮ್ಮೆಯೂ ತೋರಿಸುವುದಿಲ್ಲ. ಪಾತ್ರಗಳು ಯಾರೂ ಅತ್ತ ನೋಡದಿದ್ದಾಗಲೂ ನಮಗೆ ಕಾಣುವಾಗ ಅವು ಅಲುಗುವುದಿಲ್ಲ. ಅಂದರೆ ನೋಡುತ್ತಿರುವ ನಾವೂ ಕಾವಲಿಗೆ ಸೇರಿಬಿಡುತ್ತೇವೆ. ನಿಮ್ಮ ಮಗ “ನೀನು ನೋಡ್ತಾ ಇರು” ಎನ್ನುತ್ತಾನಲ್ಲ, ಅವನು ಕಥೆಯನ್ನು ಸರಿಯಾಗಿಯೇ ಗ್ರಹಿಸಿದ್ದಾನೆ. ಬುದ್ಧಿವಂತ ಹುಡುಗ.

ಈಗ ಕೊನೆಯ ವಿಷಯ. ಸ್ಯಾಲಿ ಮತ್ತು ಕ್ಯಾಥಿಯ ತಮ್ಮ ಲ್ಯಾರಿ, ಡಾಕ್ಟರ್‌ನ ಕಾಲಯಂತ್ರವಾದ ಟಾರ್ಡಿಸ್ ಪೆಟ್ಟಿಗೆಯೊಳಗೆ ಸಿಕ್ಕಿಕೊಳ್ಳುತ್ತಾರೆ. ನಾಲ್ಕು ದೇವತೆಗಳು ಸುತ್ತ ನಿಂತು ಅದನ್ನು ಅಲುಗಾಡಿಸುತ್ತವೆ. ಅಷ್ಟರಲ್ಲಿ ಪೆಟ್ಟಿಗೆ ಇವರಿಬ್ಬರನ್ನು ಅಲ್ಲೇ ಬಿಟ್ಟು ಮಾಯವಾಗುತ್ತದೆ. ನಾಲ್ಕೂ ಒಂದರ ಮುಖ ಒಂದು ನೋಡುತ್ತಾ ನಿಂತುಬಿಡುತ್ತವೆ. ನೋಡಿದರೆ ಕಲ್ಲಾಗಬೇಕಲ್ಲ! ಇನ್ನು ಅವು ಎಂದೆಂದಿಗೂ ಅಲುಗುವ ಹಾಗಿಲ್ಲ. ಅವು ಸದಾ ಮುಖ ಮುಚ್ಚಿಕೊಂಡಿರುವುದು ಅಳುವುದಕ್ಕಲ್ಲ, ಪರಸ್ಪರ ನೋಡಿ ಸಿಕ್ಕಿಬೀಳಬಾರದೆಂದು. ಇಷ್ಟು ತಿಳಿದರೆ ಮಗುವಿನ ಕೈಗೆ ಒಂದು ಬಲ ಸಿಗುತ್ತದೆ. ಹಾಗಾಗಿ ನನ್ನ ಉತ್ತರ: ಹೌದು, ಮತ್ತೆ ತೋರಿಸಿ. ಹಗಲು ಹೊತ್ತಿನಲ್ಲಿ, ಕಿಟಕಿ ಪರದೆ ತೆಗೆದು, ನಿಲ್ಲಿಸುವ ಬಟನ್ ಅವನ ಕೈಗೇ ಕೊಟ್ಟು ತೋರಿಸಿ. ಶಬ್ದ ಕಡಿಮೆ ಇಡಿ, ಅರ್ಧ ಭಯ ಸಂಗೀತದಲ್ಲೇ ಇದೆ.

ಆದರೆ ದಯವಿಟ್ಟು ಒಂದು ಎಚ್ಚರ. ಇದಾದ ಮೇಲೆ ಸ್ಯಾಲಿ ತನ್ನ ಅಂಗಡಿಯ ಹೊರಗೆ ಡಾಕ್ಟರ್‌ನನ್ನು ಕಂಡು ಕಾಗದಪತ್ರ ಕೊಡುವ ದೃಶ್ಯ ಬರುತ್ತದೆ. ಅವಳು ಲ್ಯಾರಿಯ ಕೈ ಹಿಡಿದು ಒಳಗೆ ಹೋಗುತ್ತಾಳೆ. ಅಲ್ಲಿಗೇ ಟಿವಿ ಆರಿಸಿ. ಅದರ ನಂತರ ಊರಿನ ಮಾಮೂಲಿ ಮೂರ್ತಿಗಳನ್ನೆಲ್ಲ ಒಂದೊಂದಾಗಿ ತೋರಿಸಿ, ‘ಕಣ್ಣು ಮಿಟುಕಿಸಬೇಡಿ’ ಎಂಬ ಡಾಕ್ಟರ್‌ನ ಎಚ್ಚರಿಕೆಯ ಮಾತನ್ನು ಮತ್ತೆ ಕೇಳಿಸುತ್ತಾರೆ. ಕಥೆಯೊಳಗೇ ಉಳಿಯಬೇಕಾದ ಭಯವನ್ನು ಬೀದಿಗೆ ತರುವುದು ಆ ತುಣುಕೇ. ದೊಡ್ಡವರಿಗೆ ಅದು ಅದ್ಭುತ ಮುಕ್ತಾಯ. ಚರ್ಚಿನ ಪಕ್ಕ ದಿನಾ ನಡೆಯುವ ಎಂಟು ವರ್ಷದವನಿಗೆ ಅದು ಬೇಡ.

ಹುಬ್ಬಳ್ಳಿಯಿಂದ:

ನನ್ನ ಅಭಿಪ್ರಾಯ ಬೇರೆ. ಹೆದರಿದ ಮಗುವಿಗೆ ಅದೇ ವಸ್ತುವನ್ನು ಮತ್ತೆ ಯಾಕೆ ತೋರಿಸಬೇಕು? ನಮ್ಮ ಮನೆಯಲ್ಲಿ ಹಾರರ್ ಏನಿದ್ದರೂ ಪೂರ್ತಿ ಬಂದ್ ಮಾಡಿದೆವು. ಸಂಜೆ ಮೇಲೆ ಟಿವಿ ಇಲ್ಲ. ಮಗ ತಾನಾಗಿಯೇ ಮರೆತ. ಎಲ್ಲ ಮಕ್ಕಳಿಗೂ ವಿವರಣೆ ಬೇಕು ಅಂತೇನಿಲ್ಲ.

ಕಾರ್ಡಿಫ್‌ನಿಂದ, ಓದಲು ಬಂದಿರುವ ಹುಡುಗ:

ಹುಬ್ಬಳ್ಳಿಯ ಸರ್ ಮಾತಿನಲ್ಲೂ ಅರ್ಥ ಇದೆ. ಆದರೆ ಮಗು ದಿನಾ ಆ ಮೂರ್ತಿಗಳನ್ನು ದಾಟಲೇಬೇಕಲ್ಲ, ಮರೆಯಲು ಬಿಡುವುದು ಹೇಗೆ?

ಈ ಚರ್ಚೆ ಈ ದೇಶದಲ್ಲಿ ತುಂಬ ಹಳೆಯದು. ಸರಣಿ ಶುರುವಾದದ್ದು 1963ರಲ್ಲಿ. ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವುದು, ಮಕ್ಕಳು ಸೋಫಾ ಹಿಂದೆ ಅವಿತುಕೊಂಡು ಇಣುಕುವುದು ಇಲ್ಲಿನವರ ಬಾಲ್ಯದ ಭಾಗವೇ ಆಗಿದೆ. 1976ರಲ್ಲಿ ಒಂದು ಕಂತು ಡಾಕ್ಟರ್‌ನ ತಲೆ ನೀರಿನಲ್ಲಿ ಮುಳುಗಿಸಿ ಹಿಡಿದ ದೃಶ್ಯದಲ್ಲಿ ನಿಂತಿತು. ಮೇರಿ ವೈಟ್‌ಹೌಸ್ ಎಂಬ ಹೋರಾಟಗಾರ್ತಿ ಬಲವಾಗಿ ಆಕ್ಷೇಪಿಸಿದರು. ಬಿಬಿಸಿ ಕ್ಷಮೆ ಕೇಳಿತು. 2005ರಲ್ಲಿ ಸರಣಿ ಮತ್ತೆ ಶುರುವಾದ ಮೇಲೆ ಬಿಬಿಸಿ ತನ್ನ ವೆಬ್‌ಸೈಟಿನಲ್ಲಿ ಮಕ್ಕಳಿಗೇ ಮುಂಚಿತವಾಗಿ ಎಪಿಸೋಡ್ ತೋರಿಸಿ, ಎಷ್ಟು ಭಯ ಅಂತ ಅವರಿಂದಲೇ ಅಂಕ ಹಾಕಿಸುತ್ತಿತ್ತು. ನನಗೆ ಅದು ತುಂಬ ಒಳ್ಳೆಯ ಕ್ರಮ ಅನಿಸುತ್ತದೆ. ಮನೆಯಲ್ಲೂ ಮಾಡಬಹುದು. ಪ್ರತಿ ದೃಶ್ಯಕ್ಕೆ ಐದರಲ್ಲಿ ಎಷ್ಟು ಅಂತ ಅವನೇ ಬರೆಯಲಿ.

ಇನ್ನೊಂದು ಉಪಯೋಗದ ವಿಷಯ. ಆ ಮೂರ್ತಿಗಳು ಕಲ್ಲೂ ಅಲ್ಲ, ಕಂಪ್ಯೂಟರ್ ಚಿತ್ರವೂ ಅಲ್ಲ. ಬಣ್ಣ ಬಳಿದುಕೊಂಡು, ರೆಕ್ಕೆ ಕಟ್ಟಿಕೊಂಡು, ಅಲುಗದೆ ನಿಂತ ನಟಿಯರು. ಕಥೆಯಲ್ಲಿ ಆ ದೇವತೆಗಳಿರುವ ಪಾಳುಮನೆ ನಮ್ಮ ಪಕ್ಕದ ನ್ಯೂಪೋರ್ಟ್ ಊರಿನದು. ಒಬ್ಬ ಅಕ್ಕ ಮೂಗು ತುರಿಸಿದರೂ ಕೆರೆದುಕೊಳ್ಳದೆ ನಿಂತಿದ್ದಾಳೆ ಅಂತ ಅವನಿಗೆ ಹೇಳಿ ನೋಡಿ.

ಆದರೆ ಈ ದೇವತೆಗಳು ಬರುವ ಮುಂದಿನ ಕಥೆಗಳನ್ನು ಈಗ ತೋರಿಸಲೇಬೇಡಿ. 2010ರ ‘ದಿ ಟೈಮ್ ಆಫ್ ಏಂಜಲ್ಸ್’ನಲ್ಲಿ ದೇವತೆಯ ಚಿತ್ರವೂ ದೇವತೆಯೇ ಆಗಿಬಿಡುತ್ತದೆ, ಟಿವಿ ಪರದೆಯಿಂದ ಹೊರಗೆ ಬರುತ್ತದೆ. ಅದರ ಮುಂದಿನ ಭಾಗದಲ್ಲಿ ಅವು ಕತ್ತು ತಿರುಗಿಸುವುದನ್ನೂ ತೋರಿಸುತ್ತಾರೆ. 2012ರ ಕಥೆಯಲ್ಲಂತೂ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯೂ ಅವುಗಳ ಪೈಕಿ ಒಂದು. ಸಮಾಧಾನ ಮಾಡಲೆಂದು ಮೊಬೈಲಿನಲ್ಲಿ ಚಿತ್ರ ಹುಡುಕಿ ತೋರಿಸಿದರೆ, ಆ ‘ಚಿತ್ರವೂ ದೇವತೆ’ ಎಂಬ ಮಾತು ಅವನ ಕಣ್ಣಿಗೆ ಬೀಳುವ ಸಾಧ್ಯತೆ ಇದೆ. ಆಮೇಲೆ ಹೊಸ ಭಯ ಶುರು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬ ಧನ್ಯವಾದ. ಅವನು ಪೂರ್ತಿ ನೋಡಿಲ್ಲ. ಲ್ಯಾರಿ ಒಬ್ಬನೇ ದೇವತೆಯ ಮುಂದೆ ನಿಂತು ದಿಟ್ಟಿಸುವ ದೃಶ್ಯದಲ್ಲಿ ಎದ್ದುಬಿಟ್ಟನಂತೆ. ಲೆಸ್ಟರ್ ಅಕ್ಕ ಹೇಳಿದ ಪ್ರಶ್ನೆ ಕೇಳಿದೆ. “ಲ್ಯಾರಿಗೆ ಸುಸ್ತಾದ್ರೆ ಯಾರು ನೋಡ್ತಾರೆ?” ಅಂದ. ಅವನಿಗೆ ಇರುವುದು ಕಾವಲು ಕಾಯುವ ಜವಾಬ್ದಾರಿಯ ಭಾರ ಅಂತ ಈಗ ಗೊತ್ತಾಯಿತು. ಪಾಪ, ಇಡೀ ಮನೆಯನ್ನು ತಾನೇ ಕಾಯುತ್ತಿದ್ದಾನೆ.

ಮೈಸೂರಿನಿಂದ, ಮಕ್ಕಳ ವೈದ್ಯೆ:

ಈ ಕೊನೆಯ ಮಾತು ಓದಿ ಬರೆಯಬೇಕೆನಿಸಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೊಆನ್ ಕ್ಯಾಂಟರ್ ಎಂಬವರು ಟಿವಿ ಮತ್ತು ಮಕ್ಕಳ ಭಯದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ತೀರಾ ಚಿಕ್ಕ ಮಕ್ಕಳಿಗೆ “ಅದು ಸುಳ್ಳು” ಎಂಬ ಮಾತು ಅಷ್ಟಾಗಿ ನಾಟುವುದಿಲ್ಲ. ಅವರಿಗೆ ಅಪ್ಪುಗೆ, ಕುಡಿಯಲು ಏನಾದರೂ, ಕೈಯಲ್ಲಿ ಇಷ್ಟದ ಗೊಂಬೆ ಬೇಕು. ಏಳೆಂಟು ದಾಟಿದವರಿಗೆ ಮಾತು, ವಿವರಣೆ ಕೆಲಸ ಮಾಡಲು ಶುರುವಾಗುತ್ತದೆ. ನಿಮ್ಮ ಮಗ ಆ ಗಡಿಯಲ್ಲಿದ್ದಾನೆ, ಎರಡೂ ಕೊಡಿ. ಕಾವಲಿನ ಭಾರ ಇದ್ದರೆ ಅದನ್ನು ಬಾಯಿಬಿಟ್ಟು ನೀವೇ ತೆಗೆದುಕೊಳ್ಳಿ. “ರಾತ್ರಿ ಕಾಯೋದು ದೊಡ್ಡವರ ಕೆಲಸ, ನಿನ್ನ ಕೆಲಸ ನಿದ್ದೆ” ಅಂತ.

ಕೆಟ್ಟ ಕನಸು ಬಂದು ಎದ್ದರೆ ಮಕ್ಕಳಿಗೆ ಅದು ನೆನಪಿರುತ್ತದೆ, ತಬ್ಬಿಕೊಂಡರೆ ಸಮಾಧಾನವಾಗುತ್ತಾರೆ. ಮಲಗಿದ ಮೊದಲ ಕೆಲವು ಗಂಟೆಗಳಲ್ಲೇ ಕಿರುಚಿ, ಕಣ್ಣು ತೆರೆದಿದ್ದರೂ ನಿಮ್ಮನ್ನು ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ಬೇರೆ. ಆಗ ಎಬ್ಬಿಸಲು ಹೋಗಬೇಡಿ. ಪೆಟ್ಟಾಗದ ಹಾಗೆ ಪಕ್ಕದಲ್ಲಿದ್ದು ನೋಡಿಕೊಳ್ಳಿ. ವಾರಗಟ್ಟಲೆ ನಿದ್ದೆ ಕೆಟ್ಟರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ನಿಮ್ಮ ಜಿಪಿ, ಅಂದರೆ ಅಲ್ಲಿನ ಕುಟುಂಬ ವೈದ್ಯರ ಹತ್ತಿರ ಹೋಗಿ.

ಶಿವಮೊಗ್ಗದಿಂದ, ಒಬ್ಬ ಅಜ್ಜಿ:

ನಾನು ಆ ಧಾರಾವಾಹಿ ನೋಡಿಲ್ಲಮ್ಮ. ಆದರೆ ಹೆದರಿದ ಮಕ್ಕಳನ್ನು ಮಲಗಿಸಿದ್ದೇನೆ. ಹಿಂದೆ ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿದಾಗ ಮನೆಮನೆ ಬಾಗಿಲ ಮೇಲೂ ‘ನಾಳೆ ಬಾ’ ಅಂತ ಬರೆದಿದ್ದರು. ನಮ್ಮ ಮನೆಯ ಬಾಗಿಲಿಗೆ ಬರೆದದ್ದು ನನ್ನ ಮಗಳೇ, ಸೀಮೆಸುಣ್ಣ ಹಿಡಿದು. ತಾನೇ ಬರೆದ ಮೇಲೆ ಅವಳಿಗೆ ಧೈರ್ಯ ಬಂತು. ನಿಮ್ಮ ಮಗನೂ ಏನಾದರೂ ಬರೆದು ಕಿಟಕಿಗೆ ಅಂಟಿಸಲಿ.

ಅವನಿಗೆ ನಳ ದಮಯಂತಿ ಕಥೆ ಹೇಳಿ. ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ವೇಷದಲ್ಲೇ ಬಂದು ಕೂತರು. ಐವರು ನಳರಲ್ಲಿ ನಿಜವಾದವನು ಯಾರು? ದೇವತೆಗಳು ರೆಪ್ಪೆ ಮಿಟುಕಿಸುವುದಿಲ್ಲ, ಬೆವರುವುದಿಲ್ಲ, ಅವರಿಗೆ ನೆರಳಿಲ್ಲ. ರೆಪ್ಪೆ ಮಿಟುಕಿಸಿದವನೇ ತನ್ನವನು ಅಂತ ದಮಯಂತಿ ಅವನಿಗೇ ಹಾರ ಹಾಕಿದಳು. ಕಣ್ಣು ಮಿಟುಕಿಸಿದ್ದರಿಂದಲೇ ನಳ ಗೆದ್ದ, ನೋಡು ಕಂದ, ಅಂತ ಹೇಳಿ.

ಮಿಲ್ಟನ್ ಕೀನ್ಸ್‌ನಿಂದ, ಪ್ರಾಥಮಿಕ ಶಾಲೆಯ ಸಹಾಯಕ ಶಿಕ್ಷಕಿ:

ಅಮ್ಮ, ಈ ಕಥೆ ನಾನೂ ನಮ್ಮ ಮಕ್ಕಳಿಗೆ ಹೇಳುತ್ತೇನೆ. ನನ್ನ ಕಡೆಯಿಂದ ಒಂದೇ ಸಲಹೆ: ಆಟ ಆಡಿಸಿ. ನಾವು ಊರಲ್ಲಿ ‘ಸ್ಟ್ಯಾಚ್ಯೂ’ ಅಂತ ಆಡುತ್ತಿದ್ದೆವಲ್ಲ, ಇಲ್ಲಿನ ಮಕ್ಕಳು ಒಬ್ಬರು ಬೆನ್ನು ತಿರುಗಿಸಿ ನಿಂತಾಗ ಉಳಿದವರು ಮೆಲ್ಲಗೆ ಹತ್ತಿರ ಬರುವ ಆಟ ಆಡುತ್ತಾರೆ. ತಿರುಗಿದ ಕೂಡಲೇ ಎಲ್ಲರೂ ಕಲ್ಲಾಗಬೇಕು. ಈ ದೇವತೆಗಳ ಕಲ್ಪನೆ ಆ ಆಟವೇ. ಅವನೇ ದೇವತೆ ಆಗಲಿ, ನೀವೂ ಅವನ ಅಪ್ಪನೂ ಹೆದರಿ ಓಡಿ. ದೇವತೆಯಾಗಿ ನಿಲ್ಲುವುದು ಎಷ್ಟು ಕಷ್ಟ, ಎಷ್ಟು ನಗು ಬರುತ್ತದೆ ಅಂತ ಅವನಿಗೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:

ಶನಿವಾರ ಬೆಳಿಗ್ಗೆ ಆಟ ಆಡಿದೆವು, ಮಧ್ಯಾಹ್ನ ಜೊತೆಯಲ್ಲಿ ನೋಡಿದೆವು. ರಿಮೋಟ್ ಅವನ ಕೈಯಲ್ಲಿತ್ತು, ಮತ್ತೆ ಮತ್ತೆ ನಿಲ್ಲಿಸಿದ. ನಾಲ್ಕೂ ದೇವತೆಗಳು ಸಿಕ್ಕಿಬಿದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅಂಗಡಿಯ ದೃಶ್ಯಕ್ಕೇ ಆರಿಸಿದೆ. ದೇವತೆ ಹಳೇ ಕಾಲಕ್ಕೆ ಕಳಿಸಿಬಿಟ್ಟ ಪೊಲೀಸ್ ಬಿಲ್ಲಿ ಮುದುಕನಾಗಿ ಆಸ್ಪತ್ರೆಯಲ್ಲಿ ಸ್ಯಾಲಿಯ ಜೊತೆ ಮಳೆ ನೋಡುತ್ತಾ ಕೂರುವ ದೃಶ್ಯದಲ್ಲಿ ಅತ್ತಿದ್ದು ನಾನು. ಮಗ ದೀಪ ಹಚ್ಚಿಕೊಂಡೇ ಮಲಗುತ್ತಾನೆ, ಚರ್ಚಿನ ಹತ್ತಿರ ಕೈ ಇನ್ನೂ ಬಿಡುವುದಿಲ್ಲ. ಆದರೆ ಮುಂದೆ ನೋಡಿಕೊಂಡು ನಡೆಯುತ್ತಾನೆ. ಕಿಟಕಿಗೆ ‘ನಾಳೆ ಬಾ’ ಅಂಟಿಸಿದ್ದಾನೆ, ಕನ್ನಡದಲ್ಲೇ.

ಇನ್ನೊಂದು ಪ್ರಶ್ನೆ. ಆ ಗೆಳೆಯನ ತಾಯಿಗೆ ಇದನ್ನು ಹೇಳುವುದು ಹೇಗೆ? ಬೇಜಾರು ಮಾಡಿಕೊಳ್ಳಬಾರದು.

ಲೆಸ್ಟರ್‌ನಿಂದ:

ನೇರವಾಗಿ, ಮೃದುವಾಗಿ ಹೇಳಿ. “ಅವನಿಗೆ ನಿಮ್ಮ ಮನೆ ತುಂಬ ಇಷ್ಟ. ಭಯದ ಕಾರ್ಯಕ್ರಮ ನೋಡಿದರೆ ನಿದ್ದೆ ಮಾಡುವುದಿಲ್ಲ, ಹಾಕುವ ಮುಂಚೆ ನನಗೊಂದು ಮೆಸೇಜ್ ಮಾಡ್ತೀರಾ?” ಇಷ್ಟು ಸಾಕು. ನಾನು ಹೀಗೇ ಕೇಳಿದ್ದೆ, ಅವರು ಚೆನ್ನಾಗಿಯೇ ತೆಗೆದುಕೊಂಡರು. ನಿಮ್ಮ ಮನೆಯ ಐಪ್ಲೇಯರ್‌ನಲ್ಲಿ (ಬಿಬಿಸಿ ಕಾರ್ಯಕ್ರಮ ನೋಡುವ ಆ್ಯಪ್) ಅವನಿಗೆ ಮಕ್ಕಳ ಪ್ರೊಫೈಲ್ ಬೇರೆ ಮಾಡಿ, ದೊಡ್ಡವರ ಕಾರ್ಯಕ್ರಮಗಳಿಗೆ ಪಿನ್ ಹಾಕಿಡಿ. ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ.