ನೀರಿನ ಕೊರತೆಯಿರುವ ಹೆರಿಗೆ ವಾರ್ಡಿನಲ್ಲಿ ಸೋಂಕು ತಡೆಯುವುದು ಹೇಗೆ?

ಪ್ರಶ್ನೆ (ಶುಶ್ರೂಷಾಧಿಕಾರಿ, ಬಾಗಲಕೋಟೆ ಜಿಲ್ಲೆ):
ನಾನು ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಎರಡು ತಿಂಗಳಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರ ಹೊಲಿಗೆಯಲ್ಲಿ ಕೀವಾಗಿದೆ. ಒಬ್ಬಾಕೆಗೆ ಮತ್ತೆ ಹೊಲಿಗೆ ಹಾಕಬೇಕಾಯಿತು. ಪಕ್ಕದಲ್ಲೇ ಅಳುತ್ತಿದ್ದ ಕೂಸನ್ನು ಎತ್ತಿಕೊಳ್ಳಲಾಗದೆ ಆಕೆ ಪಟ್ಟ ಸಂಕಟವನ್ನು ನೋಡಲಾಗಲಿಲ್ಲ. ವಾರ್ಡಿಗೆ ಇರುವುದು ಒಂದೇ ಬೇಸಿನ್. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನಲ್ಲಿ ನಿಂತುಹೋಗುವುದರಿಂದ ಡ್ರಮ್ಮಿನ ನೀರನ್ನು ಮಗ್ಗಿನಲ್ಲಿ ತೆಗೆದುಕೊಂಡು ಕೈ ತೊಳೆದು, ಎಲ್ಲರೂ ಒಂದೇ ಟವೆಲಿಗೆ ಒರೆಸಿಕೊಳ್ಳುತ್ತೇವೆ. ಈಗ ಆ್ಯಂಟಿಬಯೋಟಿಕ್ ಕೊಡುವ ದಿನಗಳನ್ನು ಹೆಚ್ಚಿಸಲಾಗಿದೆ. ಇದರಿಂದ ಸೋಂಕು ನಿಲ್ಲುತ್ತದೆಯೇ?

ಉತ್ತರ 1 (ಸೋಂಕು ನಿಯಂತ್ರಣ ನರ್ಸ್, ಬೆಳಗಾವಿ):
ಅಕ್ಕನವರೇ, ದಿನ ಹೆಚ್ಚಿಸಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಮುನ್ನೆಚ್ಚರಿಕೆಯ ಆ್ಯಂಟಿಬಯೋಟಿಕ್ಕನ್ನು ಚರ್ಮ ಕೊಯ್ಯುವ ಮೊದಲೇ ಕೊಡಬೇಕು, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದನ್ನು ಮುಂದುವರಿಸಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ. ಈಗಾಗಲೇ ಕೀವಾದವರ ಚಿಕಿತ್ಸೆ ಬೇರೆಯ ಮಾತು. ಅವರ ಕೀವನ್ನು ಕಲ್ಚರಿಗೆ (ಯಾವ ರೋಗಾಣು ಎಂದು ತಿಳಿಯುವ ಪ್ರಯೋಗಾಲಯ ಪರೀಕ್ಷೆಗೆ) ಕಳುಹಿಸುವಂತೆ ವೈದ್ಯರನ್ನು ಕೇಳಿ.

ಆ ಟವೆಲನ್ನು ಇವತ್ತೇ ತೆಗೆಸಿಬಿಡಿ. ಕೈಗೆ ರಕ್ತವೋ ಕೊಳೆಯೋ ಕಾಣುವಂತೆ ಅಂಟಿರದಿದ್ದರೆ ನೀರೇ ಬೇಡ: ಆಲ್ಕೋಹಾಲ್ ಹ್ಯಾಂಡ್‌ರಬ್ಬನ್ನು 20ರಿಂದ 30 ಸೆಕೆಂಡು, ಹೆಬ್ಬೆರಳು ಮತ್ತು ಉಗುರಿನ ತುದಿಯನ್ನು ಬಿಡದೆ ಉಜ್ಜಿದರೆ ಸಾಕು. ಬಾಟಲಿ ಗೋಡೆಯ ಮೇಲಲ್ಲ, ಪ್ರತಿ ಮಂಚದ ಬಳಿ ಇರಬೇಕು, ಏಕೆಂದರೆ ಮೂವತ್ತು ಬಾಣಂತಿಯರನ್ನು ಇಬ್ಬರೇ ನೋಡಿಕೊಳ್ಳುವಾಗ ಪ್ರತಿ ಸಲ ಬೇಸಿನ್ನಿನವರೆಗೆ ನಡೆದು ಹೋಗುವುದು ಯಾರಿಂದಲೂ ಆಗದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ, 80 ಪ್ರತಿಶತ ಎಥನಾಲ್, ಸ್ವಲ್ಪ ಗ್ಲಿಸರಿನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಆಸ್ಪತ್ರೆಯ ಔಷಧಾಲಯದಲ್ಲೇ ಇದನ್ನು ತಯಾರಿಸಬಹುದು. ಡ್ರಮ್ಮಿಗೆ ಮಗ್ ಅದ್ದುವುದನ್ನು ಬಿಟ್ಟು ಕೆಳಗೊಂದು ನಲ್ಲಿ ಕೂಡಿಸಿ.

ಡ್ರೆಸ್ಸಿಂಗ್ ಟ್ರಾಲಿಯನ್ನೂ ಪರೀಕ್ಷಿಸಿ. ಸ್ಪಿರಿಟ್‌ನಲ್ಲಿ ಮೊದಲೇ ನೆನೆಸಿಟ್ಟ ಹತ್ತಿ, ಔಷಧಿಯಲ್ಲಿ ಮುಳುಗಿಸಿಟ್ಟ ಚೀಟಲ್ ಫೋರ್ಸೆಪ್ಸ್ (ಶುದ್ಧ ಸಾಮಗ್ರಿಯನ್ನು ಎತ್ತುವ ಉದ್ದನೆಯ ಇಕ್ಕಳ), ಖಾಲಿಯಾಗುವ ಮೊದಲೇ ಮತ್ತೆ ಮತ್ತೆ ತುಂಬುವ ಸೋಪಿನ ಬಾಟಲಿ — ಇವುಗಳೊಳಗೂ ರೋಗಾಣು ಬೆಳೆಯುತ್ತದೆ. ಒಂದೇ ಗ್ಲೌಸಿನಲ್ಲಿ ಎರಡು ಮಂಚ ಮುಟ್ಟುವ ಅಭ್ಯಾಸವನ್ನು ನಾನು ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ಎಣಿಸುತ್ತೇನೆ.

ಉತ್ತರ 2 (ವಿಜಯಪುರ):
ನಾನು ವೈದ್ಯಕೀಯ ಕ್ಷೇತ್ರದವನಲ್ಲ. ತಂಗಿಯ ಬಾಣಂತನಕ್ಕೆ ಆರು ದಿನ ಆಸ್ಪತ್ರೆಯಲ್ಲಿದ್ದೆ. ಊರಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದ ನಾವೆಲ್ಲ ಮಂಚದ ಮೇಲೆಯೇ ಕೂತು ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಕೈ ತೊಳೆಯಿರೆಂದು ನಮಗೆ ಯಾರೂ ಹೇಳಲಿಲ್ಲ. ಗದರಿಸದೆ ತಿಳಿಸಿದರೆ ಜನ ಖಂಡಿತ ಕೇಳುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಟವೆಲ್ ತೆಗೆದಿದ್ದೇವೆ. ಚೀಟಲ್ ಫೋರ್ಸೆಪ್ಸಿನ ಬಾಟಲಿಯನ್ನು ಬಗ್ಗಿಸಿ ನೋಡಿದಾಗ ತಳದಲ್ಲಿ ಬೆರಳಿಗೆ ಅಂಟುವಷ್ಟು ಲೋಳೆ ಕಟ್ಟಿತ್ತು. ಫೋರ್ಸೆಪ್ಸನ್ನು ಪ್ರತಿ ಪಾಳಿಗೆ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ರೋಗಾಣುಮುಕ್ತಗೊಳಿಸಿ) ಒಣಗಿದ ಬಾಟಲಿಯಲ್ಲಿ ಇಟ್ಟರೆ ಸಾಕೇ, ಅಥವಾ ಪ್ರತಿ ಬಾಣಂತಿಗೂ ಬೇರೆ ಡ್ರೆಸ್ಸಿಂಗ್ ಸೆಟ್ ಮಾಡಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 ಬರೆದವರು:
ಬೇರೆ ಸೆಟ್ಟೇ ಮಾಡಿ, ಅಕ್ಕನವರೇ. ಒಂದು ಫೋರ್ಸೆಪ್ಸ್, ನಾಲ್ಕು ಗಾಜ್ ಬಟ್ಟೆಯ ತುಂಡು, ಸ್ವಲ್ಪ ಹತ್ತಿ ಇಷ್ಟನ್ನೇ ಬಟ್ಟೆಯಲ್ಲಿ ಸುತ್ತಿ ಆಟೋಕ್ಲೇವ್ ಮಾಡಿದರೆ ಒಬ್ಬರಿಗೆ ಸಾಕಾಗುತ್ತದೆ.