'ತ್ರಿಗುಣಿತ' ಅಂದ್ರೆ ಮೂರು ಪಟ್ಟಾ? ವರ್ಣತಂತುಗಳ ಲೆಕ್ಕಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗನಿಗೆ ಡೌನ್ ಸಿಂಡ್ರೋಮ್ ಇದೆ. ಅವನು ಹುಟ್ಟಿದಾಗ ಕೈಗೆ ಕೊಟ್ಟ ಒಂದು ಕನ್ನಡ ಹಾಳೇಲಿ 'ವರ್ಣತಂತುಗಳು ತ್ರಿಗುಣಿತವಾಗಿರುತ್ತವೆ' ಅಂತ ಬರ್ದಿತ್ತು (ವರ್ಣತಂತು ಅಂದ್ರೆ ಕ್ರೋಮೋಸೋಮ್, ಜೀವಕೋಶದೊಳಗೆ ವಂಶವಾಹಿಗಳನ್ನ ಹೊತ್ತಿರೋ ಎಳೆ), ಅಕ್ಕ ಅದನ್ನ ಓದಿ ರಾತ್ರಿ ಫೋನ್ ಮಾಡಿ, ಎಲ್ರಿಗೂ 46 ಅಂತ ಸ್ಕೂಲಲ್ಲಿ ಓದಿದ್ವಲ್ಲ, ಹಂಗಾದ್ರೆ ನನ್ ಮಗೂಗೆ 138 ಇದ್ಯಾ ಅಂತ ಅತ್ತುಬಿಟ್ಲು. ಇಲ್ಲಕ್ಕ, ರಿಪೋರ್ಟಲ್ಲಿ 47 ಅಂತಿದೆ, 21ನೇದು ಎರಡಿರೋ ಕಡೆ ಮೂರಿದೆ ಅಷ್ಟೆ ಅಂತ ಹೇಳೋ ಹೊತ್ತಿಗೆ ನಂಗೂ ಗಂಟಲು ಕಟ್ಟಿತ್ತು.

ಅವತ್ತಿಂದ ಕೊರೀತಿರೋ ಪ್ರಶ್ನೆ ಇದು. ಎರಡು ಬೇರೆ ಸಂಗತಿಗೆ ಒಂದೇ ಪದ ಹಾಕಿದ್ರೆ ಹೆಂಗೆ?

ಮೊದಲನೇದು, ಇಡೀ ಸೆಟ್ಟೇ ಹೆಚ್ಚಾಗೋದು. ನಮ್ಮಲ್ಲಿ ಒಂದು ಸೆಟ್ ಅಂದ್ರೆ 23, ಅಮ್ಮನಿಂದ ಒಂದು ಅಪ್ಪನಿಂದ ಒಂದು. ನಾವು ತಿನ್ನೋ ಬಾಳೆ ತಳಿಗಳಲ್ಲಿ ಹೆಚ್ಚಿನವಕ್ಕೆ 11ರ ಮೂರು ಸೆಟ್, ಅಂದ್ರೆ 33. ಬೀಜ ಕಟ್ಟೋಕೆ ಬೇಕಾದ ಗಂಡು-ಹೆಣ್ಣು ಕೋಶಗಳು ಆಗುವಾಗ ಸೆಟ್‌ಗಳು ಎರಡು ಪಾಲಾಗಬೇಕು, ಮೂರನ್ನ ಸಮವಾಗಿ ಎರಡು ಪಾಲು ಮಾಡಕ್ಕಾಗಲ್ಲ, ಬಾಳೇಲಿ ಬೀಜ ಕಟ್ಟದೆ ನಾವು ಕಂದು ಕಿತ್ತು ನೆಡೋದಕ್ಕೆ ಅದೂ ಒಂದು ಮುಖ್ಯ ಕಾರಣ. ಕಾಫೀಲಿ ರೊಬಸ್ಟಾಗೆ 11ರ ಎರಡು ಸೆಟ್ 22, ಅರೇಬಿಕಾಗೆ ನಾಲ್ಕು ಸೆಟ್ 44. ಅದನ್ನ 'ಚತುರ್ಗುಣಿತ' ಅಂದ್ರೆ ತೋಟದವರು ಯಾವುದರ ನಾಲ್ಕು ಪಟ್ಟು ಅಂತ ಕೇಳ್ತಾರೆ, ಕೇಳೋದು ನ್ಯಾಯಾನೇ, ಯಾಕಂದ್ರೆ ಕಣ್ಣಿಗೆ ಕಾಣೋದು ರೊಬಸ್ಟಾದ ಎರಡು ಪಟ್ಟು.

ಎರಡನೇದು, ಸೆಟ್ ಎರಡೇ ಇದ್ದು ಒಂದು ವರ್ಣತಂತು ಮಾತ್ರ ಹೆಚ್ಚೋ ಕಮ್ಮೀನೋ ಆಗೋದು. ಡೌನ್‌ನಲ್ಲಿ ಹೆಚ್ಚಿನವರಿಗೆ ಆಗಿರೋದು ಇದೇ. ಕೆಲವು ಹೆಣ್ಣುಮಕ್ಕಳಲ್ಲಿ ಕಾಣೋ ಟರ್ನರ್ ಸಿಂಡ್ರೋಮಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್ ವರ್ಣತಂತು ಕಮ್ಮಿ, ಒಟ್ಟು 45.

ನಾನು ಅಕ್ಕನಿಗೆ ಪುಸ್ತಕದ ಸಂಪುಟಗಳ ಹಾಗೆ ಹೇಳ್ದೆ. 23 ಸಂಪುಟದ ಒಂದು ಮಾಲೆ, ಮನೇಲಿ ಅಂಥ ಎರಡು ಮಾಲೆ, ಇವನ ಹತ್ರ 21ನೇ ಸಂಪುಟ ಮಾತ್ರ ಇನ್ನೊಂದಿದೆ. ಅವಳಿಗೆ ತಕ್ಷಣ ಅರ್ಥ ಆಯ್ತು. ಆದ್ರೆ ಪದ ಮಾಡೋಕೆ ಹೋದ್ರೆ 'ಮಾಲೆ' ಒಂದಕ್ಕೊಂದು ಪೋಣಿಸಿದ ಹಾಗೆ ಕೇಳತ್ತೆ, ವರ್ಣತಂತುಗಳು ಬಿಡಿಬಿಡಿ ಇರ್ತವೆ. 'ಜತೆ' ಅಂದ್ರೆ ಎರಡು ಅಂತಾಗತ್ತೆ. ನಂಗೆ 'ಕಟ್ಟು' ಹಿಡಿಸಿದೆ: ಬಾಳೆ ಮೂರು ಕಟ್ಟಿನದು, ಅರೇಬಿಕಾ ನಾಲ್ಕು ಕಟ್ಟಿನದು. 'ಗುಣಿತ'ನ ಪೂರ್ತಿ ಬಿಟ್ಬಿಡೋಣ ಅಂತ ನನ್ನ ಅಭಿಪ್ರಾಯ.

ಎರಡನೇದಕ್ಕೇ ತೊಡಕು. ಆ ಹಾಳೆ ಕೊಟ್ಟವರಿಗೆ ತಪ್ಪು ತೋರಿಸಿದ್ದಕ್ಕೆ ನೀವೇ ತಿದ್ದಿ ಬರ್ಕೊಡಿ ಅಂದಿದ್ದಾರೆ, ಸದ್ಯಕ್ಕೆ 'ಮಗುವಿನಲ್ಲಿ 21ನೇ ವರ್ಣತಂತುವಿನ ಎರಡು ಪ್ರತಿಗಳ ಬದಲು ಮೂರು ಇವೆ, ಒಟ್ಟು 47' ಅಂತ ಬರ್ದಿದೀನಿ. 'ಪ್ರತಿ' ಅಂದ್ರೆ ಜೆರಾಕ್ಸ್ ತೆಗೆದ ಹಾಗೆ ಎಲ್ಲಾ ಒಂದೇ ಅಂತ ಅನ್ಸತ್ತಾ? ಅಮ್ಮನಿಂದ ಬಂದದ್ದೂ ಅಪ್ಪನಿಂದ ಬಂದದ್ದೂ ಅಚ್ಚು ಒಂದೇ ಇರಲ್ಲವಲ್ಲ. ನರ್ಸ್‌ಗಳು, ಜೀವಶಾಸ್ತ್ರ ಪಾಠ ಮಾಡೋರು ತಾಯಂದಿರ ಮುಂದೆ ಯಾವ ಮಾತು ಬಳಸ್ತೀರಿ ಅಂತ ದಯವಿಟ್ಟು ತಿಳಿಸಿ, ಹಾಳೆ ಮುಂದಿನ ವಾರ ಅಚ್ಚಿಗೆ ಹೋಗತ್ತೆ.